ಐದಕ್ಕೆ ಬಿಡಿ, ಹತ್ತಕ್ಕೆ ಕಲಿಸಿ

ನಮ್ಮಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುವ ಕ್ರಮ ವಯಸ್ಸಿನ ಲೆಕ್ಕದಲ್ಲಿ ತಿರುಗುಮುರುಗಾಗಿದೆ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಯುಕೆಜಿ ಮಗುವಿಗೆ ಗೆರೆ ದಾಟಬೇಡ, ಎಲೆಗೆ ಹಸಿರೇ ಹಚ್ಚು ಅನ್ನುತ್ತೇವೆ. ಅದೇ ಮಗು ಐದನೇ ತರಗತಿಗೆ ಬಂದು, ನಾನು ಬರೆದ ಕುದುರೆ ಕುದುರೆ ಥರ ಕಾಣ್ತಿಲ್ಲ ಅಂತ ಬೇಜಾರು ಮಾಡಿಕೊಂಡಾಗ ಹೇಳಿಕೊಡಲು ಯಾರೂ ಇರುವುದಿಲ್ಲ. ನಾವಿರುವುದು ಜಪಾನಿನ ಯೊಕೊಹಾಮಾದಲ್ಲಿ. ಮಗಳು ಓದುತ್ತಿರುವುದು ಇಲ್ಲಿನ ಸರ್ಕಾರಿ ಶಾಲೆಯಲ್ಲಿ. ಇಲ್ಲಿಯದು ಹೆಚ್ಚುಕಡಿಮೆ ಇದರ ಉಲ್ಟಾ.

ಇಲ್ಲಿ ಚಿತ್ರ ಬರೆಯುವುದು, ಕೈಕೆಲಸ ಎರಡೂ ಸೇರಿ ಒಂದೇ ವಿಷಯ. ಒಂದನೇ ತರಗತಿಗೆ ವರ್ಷಕ್ಕೆ 68 ಪೀರಿಯಡ್, ಎರಡಕ್ಕೆ 70. ಒಂದು ಪೀರಿಯಡ್ ಅಂದರೆ 45 ನಿಮಿಷ. ಎರಡನ್ನು ಜೋಡಿಸಿ ಕೊಡುವುದೇ ಜಾಸ್ತಿ, ಯಾಕೆಂದರೆ ಅಂಟು ಒಣಗಲು, ಬ್ರಷ್ ತೊಳೆಯಲು ಹೊತ್ತು ಬೇಕು. ಮೊದಲ ಎರಡು ವರ್ಷ ಜೇಡಿಮಣ್ಣು, ಕಾಗದ, ಕ್ರೇಯಾನ್, ಕತ್ತರಿ, ಅಂಟು. ಹಳೇ ಪೇಪರ್ ಹರಿದು ಕೋಣೆ ತುಂಬಾ ಹರಡುವುದು, ಖಾಲಿ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸುವುದು, ಮರಳಿನಲ್ಲಿ ಕಾಲುವೆ ತೋಡುವುದು, ಇದೂ ಪಾಠವೇ. ಕೊನೆಗೆ ಮನೆಗೆ ತರುವಂಥದ್ದು ಏನೂ ಉಳಿಯದಿದ್ದರೂ ಪರವಾಗಿಲ್ಲ. ಇಂಥ ಆಟವನ್ನು 1977ರ ಪಠ್ಯಕ್ರಮದಲ್ಲೇ ಸೇರಿಸಿದರು.

ಮೂರು, ನಾಲ್ಕನೇ ತರಗತಿಗೆ ಬಂದರೆ ವಾಟರ್ ಕಲರ್ ಜೊತೆಗೆ ಮರದ ತುಂಡು, ಮೊಳೆ, ಸುತ್ತಿಗೆ, ಗರಗಸ. ಹಲಗೆ ಕೆತ್ತಿ ಅಚ್ಚು ಹಾಕುವ ಉಳಿಯೂ ಬರುತ್ತದೆ. ಉಳಿ ಹಿಡಿದ ಕೈಯ ಮುಂದೆ ಇನ್ನೊಂದು ಕೈ ಇಡಬಾರದು ಅನ್ನುವುದನ್ನು ಮೊದಲೇ ಕಟ್ಟುನಿಟ್ಟಾಗಿ ಹೇಳಿಕೊಡುತ್ತಾರೆ. ಐದು, ಆರಕ್ಕೆ ತಂತಿ ಮತ್ತು ತಿರುವು ಕೊಯ್ಯುವ ಸಣ್ಣ ಗರಗಸ. ಸ್ವಾತಂತ್ರ್ಯ ಮೊದಲು, ಕೈಚಳಕ ಆಮೇಲೆ.

ಇದು ಸರಿ ಅಂತ ನಾನು ಹೇಳುವುದಕ್ಕೆ ಕಾರಣ ಮಕ್ಕಳೇ. ನಾಲ್ಕು ವರ್ಷದ ಮಗು ಬರೆದ ಮನುಷ್ಯನಿಗೆ ತಲೆಯಿಂದಲೇ ಕಾಲು ಬಂದಿರುತ್ತದೆ. ಆರೇಳು ವರ್ಷದ ಮಗು ಕಾಗದದ ಕೆಳಗೆ ಒಂದು ನೆಲದ ಗೆರೆ ಎಳೆದು, ಮನೆ, ಮರ, ಅಮ್ಮ ಎಲ್ಲರನ್ನೂ ಅದರ ಮೇಲೆ ಸಾಲಾಗಿ ನಿಲ್ಲಿಸುತ್ತದೆ. ಗೋಡೆ ಇದ್ದರೂ ಒಳಗಿನ ಮಂಚ ಕಾಣುತ್ತದೆ. ಇದನ್ನು ತಪ್ಪು ಅಂತ ತಿದ್ದಬಾರದು. ಮಗು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು ಬರೆಯುತ್ತಿದೆ. ಒಂಬತ್ತು ಹತ್ತರ ಸುಮಾರಿಗೆ ಇದು ಬದಲಾಗುತ್ತದೆ. ಆಗ ಮಗುವಿಗೆ ಕಂಡಂತೆ ಬರೆಯುವ ಆಸೆ ಹುಟ್ಟುತ್ತದೆ. ದೂರದ ಮರ ಯಾಕೆ ಚಿಕ್ಕದು, ಮೂಗಿಗೆ ನೆರಳು ಎಲ್ಲಿ ಬೀಳುತ್ತದೆ ಅಂತ ಕೇಳುತ್ತದೆ. ಆಗ 'ನಿನ್ನಿಷ್ಟದಂತೆ ಬರಿ' ಅಂದರೆ ಅದಕ್ಕೆ ಏನೂ ಕೊಟ್ಟಂತಾಗುವುದಿಲ್ಲ. 'ನಂಗೆ ಡ್ರಾಯಿಂಗ್ ಬರಲ್ಲ' ಅನ್ನುವ ಮಾತು ಬಹಳ ಜನರಿಗೆ ಅಂಟಿಕೊಳ್ಳುವುದು ಇದೇ ವಯಸ್ಸಿನಲ್ಲಿ ಅಂತ ನನ್ನ ನಂಬಿಕೆ.

ಜಪಾನಿನವರೂ ಮೊದಲಿಂದ ಹೀಗಿರಲಿಲ್ಲ. ಶಾಲೆಗಳಲ್ಲಿ ಮಾದರಿ ಪುಸ್ತಕ ಇಟ್ಟು ನಕಲು ಮಾಡಿಸುತ್ತಿದ್ದರು. ಯಾಮಾಮೊಟೊ ಕನಾಏ ಅನ್ನುವ ಮುದ್ರಣ ಕಲಾವಿದ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಯುರೋಪಿನಿಂದ ರಷ್ಯಾ ಮೂಲಕ ಊರಿಗೆ ಮರಳುವಾಗ ಮಾಸ್ಕೋದಲ್ಲಿ ಮಕ್ಕಳ ಚಿತ್ರಗಳನ್ನು ನೋಡಿದ್ದರು. 1919ರಲ್ಲಿ ನಗಾನೊ ಪ್ರಾಂತ್ಯದ ಒಂದು ಶಾಲೆಯಲ್ಲಿ, ನಕಲು ಮಾಡದೆ ಮಕ್ಕಳೇ ಬರೆದ ಚಿತ್ರಗಳ ಪ್ರದರ್ಶನ ಇಟ್ಟರು. ಅಲ್ಲಿಂದ ಅದೊಂದು ಚಳವಳಿಯೇ ಆಯಿತು. ಹಾಗಾಗಿ 'ಅದು ಅವರ ಸಂಸ್ಕೃತಿ, ನಮಗೆ ಒಗ್ಗಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಬದಲಾಯಿಸಿಕೊಂಡದ್ದು.

ಹಾಗಂತ ನಕಲು ಅಂದರೆ ಕೆಟ್ಟದ್ದು ಅಂತಲ್ಲ. ನಮ್ಮ ಮನೆ ಮುಂದಿನ ರಂಗೋಲಿಯನ್ನೇ ನೋಡಿ. ಅದು ಪೂರ್ತಿ ನೋಡಿ ಕಲಿಯುವ ವಿದ್ಯೆ. ಮೊದಲು ಮೂರು ಚುಕ್ಕಿ, ಆಮೇಲೆ 7 ರಿಂದ 4 ಸಂದು ಚುಕ್ಕಿ, ಕೈ ಕೂತ ಮೇಲೆ 15 ರಿಂದ 8. ಬೆರಳ ಸಂದಿಯಿಂದ ಪುಡಿ ಒಂದೇ ಸಮ ಬೀಳುವುದನ್ನು ಅಜ್ಜಿ ಬಾಯಲ್ಲಿ ಹೇಳಿಕೊಡುವುದಿಲ್ಲ, ಪಕ್ಕದಲ್ಲಿ ಕೂತು ನೋಡಬೇಕು. ಮಗು ತಾನಾಗಿ 'ನಾನೂ ಹಾಕ್ತೀನಿ' ಅಂದಾಗ ಪುಡಿ ಕೈಗೆ ಬರುತ್ತದೆ. ಕೆಟ್ಟರೆ ನಾಳೆ ಬೆಳಿಗ್ಗೆ ನೀರು ಹಾಕಿ ಮತ್ತೆ ಶುರು. ಅಂಕ ಇಲ್ಲ, ಬಹುಮಾನ ಇಲ್ಲ. ವಯಸ್ಸಿಗೆ ತಕ್ಕ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವುದು ನಮಗೆ ಗೊತ್ತಿತ್ತು, ಅಲ್ವಾ? ಗಂಡುಮಕ್ಕಳನ್ನು ಅದರಿಂದ ದೂರ ಇಟ್ಟಿದ್ದು ಮಾತ್ರ ನನಗೆ ಇವತ್ತಿಗೂ ಬೇಸರ.

ಶಾಲೆಗೆ ಬಂದಾಗ ಈ ತಿಳಿವಳಿಕೆ ಎಲ್ಲಿ ಹೋಗುತ್ತದೋ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಹೊಳೆ. ರಜೆಗೆ ಊರಿಗೆ ಹೋದಾಗ ನೆಂಟರ ಮಕ್ಕಳು ಪ್ರೀತಿಯಿಂದ ತೋರಿಸುವ ಹಾಳೆಗಳಲ್ಲಿ ಇದೇ ಚಿತ್ರ ಜಾಸ್ತಿ. ಗುಡ್ಡವೇ ಇಲ್ಲದ ಬಯಲುಸೀಮೆಯ ಮಕ್ಕಳೂ ಇದನ್ನೇ ಬರೆಯುತ್ತಾರೆ. ತಮ್ಮ ಊರಿನ ಜಾಲಿ ಮರ, ಮೆಕ್ಕೆಜೋಳದ ರಾಶಿ, ಬಸ್ ಸ್ಟ್ಯಾಂಡ್ ಬರೆಯಬಹುದು ಅಂತ ಅವರಿಗೆ ಯಾರೂ ಹೇಳಿಲ್ಲ. ಸಣ್ಣವರಿಗೆ ಇಡುವ ಬಣ್ಣ ತುಂಬುವ ಸ್ಪರ್ಧೆಗಳನ್ನಂತೂ ನಿಲ್ಲಿಸಲೇಬೇಕು. ಐದು ವರ್ಷದ ಮಗುವಿಗೆ ಎರಡನೇ ಬಹುಮಾನ ಅಂದರೆ ಏನರ್ಥ?

ಜಪಾನಿನದ್ದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಮೂರು, ನಾಲ್ಕಕ್ಕೆ ಪೀರಿಯಡ್‌ಗಳು 60ಕ್ಕೆ ಇಳಿಯುತ್ತವೆ, ಐದು, ಆರಕ್ಕೆ 50. 1990ರ ದಶಕದಲ್ಲಿ ಈ ತರಗತಿಗಳಿಗೂ 70 ಇತ್ತು, ಆಮೇಲೆ ಕಡಿಮೆ ಮಾಡಿದರು. ಏಳು, ಎಂಟು, ಒಂಬತ್ತನೇ ತರಗತಿಗೆ 45, 35, 35. ಅಂದರೆ ಮಗು 'ಹೇಳಿಕೊಡಿ' ಅನ್ನುವ ಹೊತ್ತಿಗೆ ಇಲ್ಲೂ ಸಮಯ ಕರಗುತ್ತದೆ. ತರಗತಿಗೆಲ್ಲ ಒಂದೇ ಥರದ ಸಾಮಾನಿನ ಪೆಟ್ಟಿಗೆ ತರಿಸಿ, ಎಲ್ಲರಿಂದ ಒಂದೇ ಥರದ ಗಡಿಯಾರ ಮಾಡಿಸುವುದೂ ಉಂಟು. ಅದು ನನಗೆ ಹಿಡಿಸುವುದಿಲ್ಲ.

ನಮ್ಮಲ್ಲಿ ಚಿತ್ರಕಲಾ ಶಿಕ್ಷಕರು ಇದ್ದರೆ ಇರುವುದು ಹೈಸ್ಕೂಲಿಗೆ. ಅಷ್ಟರಲ್ಲಿ ಹುಡುಗರಿಗೆ ಹದಿಮೂರು ದಾಟಿರುತ್ತದೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಒಂದಷ್ಟು ಆಸಕ್ತಿ ಇರುವವರು ಕೂರುತ್ತಾರೆ, ಉಳಿದವರು ಯಾವಾಗಲೋ ಕೈಬಿಟ್ಟಿರುತ್ತಾರೆ. ಆದರೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಈಗ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಅಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರೆ ಐದನೇ ತರಗತಿಯಿಂದಲೇ ವಾರಕ್ಕೆ ಎರಡು ಪೀರಿಯಡ್ ಜೋಡಿಸಿ ಕೊಡಬಹುದು. ಸಾಗರ, ಸೊರಬದಲ್ಲಿ ಮರ ಕೆತ್ತುವ ಗುಡಿಗಾರರಿದ್ದಾರೆ, ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರಿದ್ದಾರೆ. ಸುತ್ತಲಿನ ಶಾಲೆಗಳು ಅವರಿಗೆ ಸರಿಯಾದ ಸಂಬಳ ಕೊಟ್ಟು ಕರೆಸಬೇಕು. ಉಳಿ ಹಿಡಿಯುವುದು ಹೇಗೆ ಅಂತ ಹತ್ತು ವರ್ಷದ ಮಕ್ಕಳಿಗೆ ಅವರಿಗಿಂತ ಚೆನ್ನಾಗಿ ತೋರಿಸುವವರು ಸಿಗುವುದಿಲ್ಲ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಮೇಷ್ಟ್ರೂ ಬೇಡ, ಒಂದು ಗಾಡಿ ಜೇಡಿಮಣ್ಣು ತರಿಸಿ ನೆರಳಲ್ಲಿ ಸುರಿದರೆ ಸಾಕು.