ಭರಣಿಗೆ ಮುಚ್ಚಳ ಹಾಕಿ ಹೋದೆ, ಪ್ರಿಂಟರಿನ ಬಾಯಿ ತೆರೆದೇ ಇತ್ತು

ಒಂದು ವಾರದಿಂದ ಮಂಡೆ ಬಿಸಿಯಾಗಿ ಕೂತಿದ್ದೇನೆ. ಇಲ್ಲಿ ಬರೆದರಾದರೂ ಸ್ವಲ್ಪ ತಣಿಯುತ್ತದಾ ನೋಡುವ.

ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಮಾಡಿ ಉಡುಪಿಯ ನಾಲ್ಕೈದು ಅಂಗಡಿಗೆ ಕೊಡುವವಳು ನಾನು. ಬಾಟಲಿಯ ಲೇಬಲ್ ಕೂಡ ಮನೆಯಲ್ಲೇ, ಟ್ಯಾಂಕಿಗೆ ಇಂಕ್ ಹೊಯ್ಯುವ ಪ್ರಿಂಟರಿನಲ್ಲಿ. ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆ ಮುಂಬೈಗೆ ಹೋಗಬೇಕಾಯ್ತು. ಮಿಡಿಯನ್ನು ಉಪ್ಪಿಗೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಇಟ್ಟು ಹೋದೆ. ಜೂನ್ ಕೊನೆಗೆ ಬಂದು ನೋಡಿದರೆ ಮಿಡಿ ಚಂದ ಮುರುಟಿ ಕೂತಿತ್ತು, ಒಂದೂ ಹಾಳಾಗಿಲ್ಲ. ಮಸಾಲೆ ಅರೆದೆ, ಬಾಟಲಿ ತುಂಬಿಸಿದೆ. ಇನ್ನು ಲೇಬಲ್ ತೆಗೆಯುವ ಅಂತ ಪ್ರಿಂಟರ್ ಹಾಕಿದೆ.

ಸಾವು ಮಾರಾಯ್ರೆ!

ಕೆಂಪು ಬಣ್ಣದಲ್ಲಿ ಬರಬೇಕಾದ ‘ಮಿಡಿ ಉಪ್ಪಿನಕಾಯಿ’ ಹಳದಿಯಲ್ಲಿ ಬಂತು. ಚಿತ್ರದ ಉಪ್ಪಿನಕಾಯಿಗೆ ಪಾಚಿ ಹಿಡಿದ ಹಾಗೆ ಹಸಿರು ಬಣ್ಣ. ಕಪ್ಪಿನಲ್ಲಿ ಬಿಳಿ ಗೆರೆಗಳು ಎಳೆದು, ಕೆಳಗಿರುವ, ಆಹಾರ ಮಾರುವವರಿಗೆ ಸರಕಾರ ಕೊಡುವ ಎಫ್‌ಎಸ್‌ಎಸ್‌ಎಐ ನಂಬರಿನಲ್ಲಿ ಎಂಟು ಯಾವುದು ಮೂರು ಯಾವುದು ಗೊತ್ತಾಗುವುದಿಲ್ಲ. ಆ ನಂಬರು ಸರಿ ಕಾಣದಿದ್ದರೆ ಅಂಗಡಿಯವರು ಬಾಟಲಿ ಮುಟ್ಟುವುದಿಲ್ಲ.

ನನಗೆ ಮೊದಲು ಬಂದ ಸಿಟ್ಟು ಹವೆಯ ಮೇಲೆ. ಈ ಊರಲ್ಲಿ ಮಳೆಗಾಲದಲ್ಲಿ ಒಂದು ಬನಿಯನ್ ಒಣಗಬೇಕಾದರೆ ಮೂರು ದಿನ ಬೇಕು. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ದೇವರ ಫೋಟೋದ ಹಿಂದೆಯೂ ಬೂಷ್ಟು. ಇಂಥಲ್ಲಿ ಇಂಕ್ ಮಾತ್ರ ಒಣಗುವುದು ಹೇಗೆ? ಆಮೇಲೆ ಗೊತ್ತಾಯ್ತು: ಕಾಗದಕ್ಕೆ ಇಂಕ್ ಚಿಮುಕಿಸುವ ಆ ಹೆಡ್ಡಿನ ತೂತುಗಳು ನಮ್ಮ ತಲೆಕೂದಲಿಗಿಂತಲೂ ಸಪೂರ. ಅದರ ಬಾಯಲ್ಲಿರುವ ಇಂಕಿನಿಂದ ಒಂದಿಷ್ಟು ನೀರು ಆರಿದರೆ ಸಾಕು, ಉಳಿದದ್ದು ಬೆಲ್ಲದ ಪಾಕದ ಹಾಗೆ ಅಂಟಿ ಕೂರುತ್ತದೆ. ಏಪ್ರಿಲ್ ಮೇ ಸೆಕೆಗೆ ಅಷ್ಟು ಆರದೆ ಇರುತ್ತದಾ?

ಆದರೆ ನಿಜವಾದ ಕಥೆ ಪ್ರಿಂಟರ್ ಆನ್ ಮಾಡುವ ಮೊದಲು ಅದರ ಮುಚ್ಚಳ ಎತ್ತಿದಾಗಲೇ ಕಂಡಿತ್ತು. ಹೆಡ್ಡು ನಡುದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಹಾಗೆ ಮಧ್ಯದಲ್ಲೇ ನಿಂತಿತ್ತು. ಕೆಳಗೆ ರೋಲರಿನಲ್ಲಿ ಸಿಕ್ಕಿಕೊಂಡು, ಸುರುಳಿ ಸುತ್ತಿ, ಅಂಚಿಗೆ ಬೂಷ್ಟು ಹಿಡಿದ ಅರ್ಧ ಕಾಗದ. ಎಂತ ಅದು? ಮುಂಬೈ ರೈಲು ಮತ್ಸ್ಯಗಂಧದ ಟಿಕೆಟ್! ಅದನ್ನು ಎಳೆದು ತೆಗೆದೇ ಲೇಬಲ್ ಪ್ರಿಂಟ್ ಕೊಟ್ಟದ್ದು.

ಆಗ ನೆನಪಾಯ್ತು. ಹೊರಡುವ ದಿನ ಟಿಕೆಟ್ ಪ್ರಿಂಟ್ ತೆಗೆಯುತ್ತಿದ್ದೆ. ಪಡುವಣದಲ್ಲಿ ಎಲ್ಲೋ ಒಂದು ಗುಡುಗು. ನಮ್ಮವರು ಓಡಿಹೋಗಿ ಮೈನ್ ಸ್ವಿಚ್ ಕೆಳಗೆ ಹಾಕಿದರು. ಪ್ರಿಂಟರ್ ಅರ್ಧಕ್ಕೆ ನಿಂತಿತು. ‘ಅಯ್ಯೋ’ ಅಂದದ್ದಕ್ಕೆ, ‘ಮೊಬೈಲಲ್ಲಿ ಉಂಟಲ್ಲ, ಬಾ ಮಾರಾಯ್ತಿ, ಆಟೋ ಬಂತು’ ಅಂದರು. ಹೋದೆವು.

ತಪ್ಪು ಅವರದ್ದು ಅಂತ ಪೂರ್ತಿ ಹೇಳಲಿಕ್ಕೂ ಆಗುವುದಿಲ್ಲ. ಮುಂಗಾರಿನ ಮುಂಚಿನ ಸಿಡಿಲಿಗೆ ಎಷ್ಟು ಮನೆಯ ಟಿವಿ, ಮೋಡೆಮ್ ಸುಟ್ಟಿದೆ ಅಂತ ಇಲ್ಲಿಯವರಿಗೆ ಗೊತ್ತು. ಆದರೆ ವಿಷಯ ಎಂತ ಗೊತ್ತುಂಟಾ? ಪ್ರಿಂಟರನ್ನು ಅದರದ್ದೇ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ಡು ಒಂದು ಕಡೆಗೆ ಹೋಗಿ, ಅಲ್ಲಿರುವ ಚಿಕ್ಕ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗಾಳಿ ಆಡದ ಹಾಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಗೋಡೆಯ ಸ್ವಿಚ್ ತೆಗೆದರೆ ನಿಂತಲ್ಲೇ ನಿಲ್ಲುತ್ತದೆ. ಅಂದರೆ ಎರಡೂವರೆ ತಿಂಗಳು ನನ್ನ ಪ್ರಿಂಟರ್ ಬಾಯಿ ತೆರೆದುಕೊಂಡು ಕೂತಿತ್ತು.

ಇದನ್ನು ಮಾರುವವನು ಹೇಳಬೇಕಿತ್ತಾ ಬೇಡವಾ? ‘ಅಕ್ಕ, ಒಂದು ಬಾಟಲಿ ಹೊಯ್ದರೆ ಸಾವಿರಗಟ್ಟಲೆ ಪೇಜು’ ಅಂತ ಅರ್ಧ ಗಂಟೆ ಹೊಗಳಿದವನಿಗೆ, ‘ಬಟನ್ ಒತ್ತಿ, ಆಮೇಲೆ ಪ್ಲಗ್ ತೆಗೀರಿ, ವಾರಕ್ಕೊಂದು ಕಲರ್ ಪೇಜು ತೆಗೀತಾ ಇರಿ’ ಅಂತ ಹೇಳಲಿಕ್ಕೆ ನಾಲಿಗೆ ಸೋತಿತ್ತಾ?

ಪ್ರಿಂಟರಿನಲ್ಲೇ ಇರುವ ಹೆಡ್ ಕ್ಲೀನಿಂಗ್ ಕೊಟ್ಟೆ. ಒಂದಲ್ಲ, ಐದು ಸಲ. ಈ ಕ್ಲೀನಿಂಗ್ ಅಂದರೆ ಎಂತ ಅಂದುಕೊಂಡಿದ್ದೀರಿ? ಟ್ಯಾಂಕಿನ ಇಂಕನ್ನು ತೂತಿನಿಂದ ಎಳೆದು ಒಳಗಿನ ಸ್ಪಂಜಿಗೆ ಚೆಲ್ಲುವುದು, ಅಷ್ಟೇ. ಕೆಟ್ಟದ್ದು ಕೆಂಪು, ಜೊತೆಗೆ ನೀಲಿಯೂ ಹಳದಿಯೂ ಹೋಗುತ್ತದೆ. ನನ್ನ ಕಣ್ಣೆದುರೇ ಟ್ಯಾಂಕಿನ ಗೆರೆ ಇಳಿಯುತ್ತಾ ಬಂತು. ಕಾಸು ಕೊಟ್ಟು ತಂದ ಇಂಕ್ ಸ್ಪಂಜು ಕುಡಿಯುವುದು, ಆ ಸ್ಪಂಜು ತುಂಬಿತು ಅಂತ ಲೆಕ್ಕ ಹಾಕಿ ಮುಂದೊಂದು ದಿನ ಮೆಷಿನೇ ಮುಷ್ಕರ ಹೂಡುವುದು. ಎಂಥ ವ್ಯವಸ್ಥೆ! ಹೀಗೆ ಒಂದರ ಹಿಂದೊಂದು ಕ್ಲೀನಿಂಗ್ ಕೊಡಬಾರದು, ಎರಡು ಮೂರು ಸಲ ನೋಡಿ ಒಂದು ರಾತ್ರಿ ಬಿಡಬೇಕು ಅಂತಲೂ ಆಮೇಲೆ ಗೊತ್ತಾದದ್ದು.

ರಿಪೇರಿಗೆ ಒಯ್ಯುವ ಅಂತ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆ. ಟ್ಯಾಂಕಿನ ಪ್ರಿಂಟರನ್ನು ಓರೆ ಮಾಡಬಾರದು ಅಂತ ಗೊತ್ತಿರುವವರು ಈಗಲೇ ನಗಲಿಕ್ಕೆ ಶುರು ಮಾಡಿರಬಹುದು. ಕಲ್ಸಂಕ ದಾಟುವಾಗ ಒಂದು ಹೊಂಡ, ಆಟೋ ಹಾರಿತು, ಮೆಷಿನ್ ವಾಲಿತು. ಕಾಗದದ ಮೇಲೆ ಒಂದು ಚುಕ್ಕಿ ಬಾರದ ಕೆಂಪು ನನ್ನ ಸೀರೆಯ ಮೇಲೆ ಧಾರಾಳ ಬಂತು. ಆಟೋ ಅಣ್ಣ ಕನ್ನಡಿಯಲ್ಲಿ ನೋಡಿ ರಕ್ತ ಅಂತ ಹೆದರಿ ಬ್ರೇಕ್ ಹಾಕಿದ.

ಅಂಗಡಿಯಲ್ಲಿ ಮೆಷಿನ್ ತೆರೆಯಲೂ ಇಲ್ಲ. ‘ಹೆಡ್ ಹೋಗಿದೆ ಅಕ್ಕ, ಐದು ಸಾವಿರದ ಮೇಲಾಗ್ತದೆ, ಹೊಸತೇ ತಗೊಳ್ಳಿ.’ ಕೆಲವು ಪ್ರಿಂಟರಿನಲ್ಲಿ ಹೆಡ್ಡು ಕಾರ್ಟ್ರಿಜ್‌ನಲ್ಲೇ ಇರುತ್ತದಂತೆ, ಅದನ್ನು ಬದಲಿಸಿದರೆ ಮುಗಿಯಿತು. ನನ್ನದರಲ್ಲಿ ಹೆಡ್ಡು ಮೆಷಿನಿನದ್ದೇ ಭಾಗ. ವಾಪಸ್ ತಂದೆ. ಈ ಸಲ ನೆಲದ ಮೇಲೆ ಇಟ್ಟು, ಎರಡೂ ಕಾಲಿನಲ್ಲಿ ಒತ್ತಿ ಹಿಡಿದು.

ಆಮೇಲೆ ಒಬ್ಬೊಬ್ಬರದ್ದು ಒಂದೊಂದು ಮದ್ದು. ಸ್ಯಾನಿಟೈಸರ್ ಬಿಡಿ ಅಂತ ಒಬ್ಬರು, ಸಿರಿಂಜಿನಲ್ಲಿ ಜೋರಾಗಿ ಒತ್ತಿ ಅಂತ ಇನ್ನೊಬ್ಬರು. ಜೋರಾಗಿ ಒತ್ತಿದರೆ ಒಳಗಿನದ್ದು ಒಡೆದೇ ಹೋಗಬಹುದು. ನಾದಿನಿಯ ಮಗ ಬಂದ, ಕಾಲೇಜು ಹುಡುಗ. ‘ಅತ್ತೆ, ಬ್ಯಾಟರಿಗೆ ಹಾಕುವ ನೀರು ತನ್ನಿ, ಬಾವಿ ನೀರು ಬೇಡ’ ಅಂದ. ಡಿಸ್ಟಿಲ್ಡ್ ವಾಟರ್. ನಮ್ಮ ಬಾವಿಯ ಕೆಂಪು ನೀರು ಬಿಟ್ಟರೆ ಅದರ ಕಿಟ್ಟವೇ ತೂತಿಗೆ ಕೂರುತ್ತದಂತೆ. ಅದನ್ನು ಉಗುರುಬೆಚ್ಚಗೆ ಮಾಡಿ ಟಿಶ್ಯೂವನ್ನು ಮಡಚಿ ಅದ್ದಿದ. ಮೆಷಿನ್ ಆನ್ ಮಾಡಿ, ಹೆಡ್ಡು ಮಧ್ಯಕ್ಕೆ ಬಂದ ಕೂಡಲೇ ಪ್ಲಗ್ ಕಿತ್ತ. ಅಂದರೆ ನಮ್ಮವರು ಏಪ್ರಿಲ್‌ನಲ್ಲಿ ಮಾಡಿದ ಅದೇ ಕೆಲಸ, ಈ ಸಲ ಬೇಕಂತಲೇ. ಅವರು ಕುರ್ಚಿಯಲ್ಲಿ ಕೂತು ಪೇಪರಿನ ಹಿಂದೆ ನಗುತ್ತಿದ್ದದ್ದು ನನಗೆ ಕಾಣಲಿಲ್ಲ ಅಂತ ತಿಳಿದುಕೊಂಡಿದ್ದಾರೆ. ಒದ್ದೆ ಟಿಶ್ಯೂವನ್ನು ಹೆಡ್ಡಿನ ಅಡಿಗೆ ತೂರಿಸಿ ರಾತ್ರಿ ಬಿಟ್ಟೆವು.

ಬೆಳಿಗ್ಗೆ ಟಿಶ್ಯೂ ಮೇಲೆ ನಾಲ್ಕು ಬಣ್ಣದ ಗೆರೆ, ಕೆಂಪೂ ಇತ್ತು! ಎಲ್ಲ ತೂತಿನಿಂದ ಇಂಕ್ ಬರುತ್ತದಾ ಅಂತ ತೋರಿಸುವ ನಾಝಲ್ ಚೆಕ್ ಪೇಜು ತೆಗೆದರೆ, ಮೊದಲು ಹಲ್ಲು ಉದುರಿದ ಬಾಚಣಿಗೆಯ ಹಾಗೆ ಇದ್ದದ್ದಕ್ಕೆ ಅರ್ಧ ಹಲ್ಲು ವಾಪಸ್ ಬಂದಿತ್ತು. ಮೂರು ರಾತ್ರಿ ಹೀಗೇ ಮಾಡಿದ ಮೇಲೆ ಕಪ್ಪು ಪೂರ್ತಿ ಸರಿಯಾಯ್ತು, ಕೆಂಪಿನಲ್ಲಿ ಇನ್ನೂ ಎರಡು ಗೆರೆ ಇಲ್ಲ. ಲೇಬಲ್‌ಗೆ ನಡೆಯುತ್ತದೆ. ಅಷ್ಟರಲ್ಲಿ ಮೊದಲ ಕಂತಿನ ಲೇಬಲನ್ನು ಪೇಟೆಯಲ್ಲಿ ಪೇಜಿಗೆ ಹತ್ತು ರೂಪಾಯಿ ಕೊಟ್ಟು ತೆಗೆಸಿ ಆಗಿತ್ತು. ಸೀರೆ ಮಾತ್ರ ಹೋಯ್ತು.

ಡಿಸೆಂಬರಿನಲ್ಲಿ ಪುನಃ ಮುಂಬೈಗೆ ಹೋಗಲಿಕ್ಕುಂಟು. ಆಚೆ ಮನೆಯ ಅಕ್ಕನಿಗೆ ಕೀ ಕೊಡುವಾಗ ತುಳಸಿಗೆ ನೀರು, ಬೆಕ್ಕಿಗೆ ಹಾಲು, ಪ್ರಿಂಟರಿಗೆ ವಾರಕ್ಕೊಂದು ಕಲರ್ ಪೇಜು ಅಂತ ಹೇಳಬೇಕು. ಅವರು ನನ್ನ ಮುಖ ನೋಡುವುದು ಈಗಲೇ ಕಣ್ಣಿಗೆ ಕಟ್ಟುತ್ತದೆ.

ನಿನ್ನೆ ಸಂಜೆ ಪುನಃ ಗುಡುಗಿತು. ನಮ್ಮವರು ಮೈನ್ ಸ್ವಿಚ್ಚಿನ ಹತ್ತಿರ ಕೈ ಎತ್ತಿ ನಿಂತು, ‘ತೆಗೆಯಲಾ?’ ಅಂತ ಕೇಳಿದರು. ‘ನಿಲ್ಲಿ!’ ಅಂತ ಕಿರುಚಿ ಓಡಿ ಬಟನ್ ಒತ್ತಿದೆ. ಹೆಡ್ಡು ಸರ್ರಂತ ಹೋಗಿ, ಎರಡು ಸಲ ಗೊರಗೊರ ಅಂದು, ಕಟ್ ಅಂತ ಕೂತಿತು. ‘ಹ್ಞೂಂ, ಈಗ ತೆಗೀರಿ.’