ಪಫ್ ಎಳೆಯುತ್ತಿದ್ದವಳ ಮುಖ ಊದಿದ್ದು ಯಾಕೆ?

ಇದನ್ನು ಬರೆಯೋಕೆ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಹೆಸರು ಮಾತ್ರ ಬೇಡ ಅಂದಳು. ಹಾಗಾಗಿ ಗೆಳತಿ ಅಂತಲೇ ಬರೀತೀನಿ.

ಅವಳಿಗೆ ಚಿಕ್ಕಂದಿನಿಂದ ಉಬ್ಬಸ, ಅದಕ್ಕೆ ಪಫ್ (ಇನ್ಹೇಲರ್) ಎಳೀತಾಳೆ. ಎಚ್‌ಐವಿ ಇರೋದು ಗೊತ್ತಾಗಿ ಹತ್ತು ವರ್ಷ ದಾಟಿದೆ. ಎರಡರ ಔಷಧಿಯನ್ನೂ ಒಂದು ದಿನ ತಪ್ಪಿಸಿದವಳಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಪರೀಕ್ಷೆಗೇ ಸಿಗದಷ್ಟು ಕಡಿಮೆ ಇತ್ತು. ಅಂಥವಳ ಮುಖ ಒಂದು ವರ್ಷ ದುಂಡಗೆ ಊದುತ್ತಾ ಬಂತು. ಹೊಟ್ಟೆ ಮುಂದೆ ಬಂತು, ಕೈಕಾಲು ಮಾತ್ರ ಸಣಕಲು. ನೋಡಿದವರೆಲ್ಲ "ಮೈ ತುಂಬಿಕೊಂಡಿದ್ದೀಯ, ಚೆನ್ನಾಗಿದ್ದೀಯ" ಅಂದರು. ನಾನೂ ಅಂದಿದ್ದೆ. ಆಮೇಲೊಂದು ದಿನ ತೋಳು ತೋರಿಸಿದಳು. ಎಲ್ಲೂ ಪೆಟ್ಟು ಬಿದ್ದಿಲ್ಲ, ಆದರೂ ಅಲ್ಲಲ್ಲಿ ನೀಲಿಗಟ್ಟಿತ್ತು. ಹೊಟ್ಟೆಯ ಪಕ್ಕದಲ್ಲಿ ಬೆರಳಗಲದ ನೇರಳೆ ಗೆರೆಗಳು. ಕುರ್ಚಿಯಿಂದ ಏಳೋಕೂ ಕೈ ಊರಬೇಕಿತ್ತು.

ಅದು ಕುಶಿಂಗ್ ಸಿಂಡ್ರೋಮ್. ಮೈಯಲ್ಲಿ ಸ್ಟೀರಾಯ್ಡ್ ವಿಪರೀತ ಆದಾಗ ಬರೋದು. ಆದರೆ ಅವಳು ಸ್ಟೀರಾಯ್ಡ್ ಮಾತ್ರೆ ನುಂಗಿರಲೇ ಇಲ್ಲ.

ಆಗಿದ್ದು ಇಷ್ಟು. ಅವಳ ಎಚ್‌ಐವಿ ಮಾತ್ರೆಗಳಲ್ಲಿ ರಿಟೊನಾವಿರ್ ಇತ್ತು. ಮುಖ್ಯ ಔಷಧಿ ಬೇಗ ಕರಗಿಹೋಗದೆ ರಕ್ತದಲ್ಲಿ ಉಳೀಲಿ ಅಂತ ಅದನ್ನು ಸೇರಿಸ್ತಾರೆ. ಔಷಧಿಗಳನ್ನು ಒಡೆದುಹಾಕುವ ಲಿವರ್‌ನ ಒಂದು ಕಿಣ್ವವನ್ನು ಅದು ತಡೆಹಿಡಿಯುತ್ತೆ. ಅವಳ ಇನ್ಹೇಲರ್‌ನಲ್ಲಿದ್ದ ಫ್ಲುಟಿಕಾಸೋನ್ ಅನ್ನೋ ಸ್ಟೀರಾಯ್ಡ್ ಒಡೆಯಬೇಕಾದದ್ದೂ ಅದೇ ಕಿಣ್ವದಿಂದ. ಸಾಮಾನ್ಯವಾಗಿ ಪಫ್‌ನಿಂದ ರಕ್ತ ಸೇರುವ ಚೂರುಪಾರನ್ನು ಲಿವರ್ ಮುಗಿಸಿಬಿಡುತ್ತೆ. ಇವಳಲ್ಲಿ ಅದು ದಿನದಿನವೂ ಒಟ್ಟಾಗುತ್ತಾ ಹೋಯ್ತು. ಹೊರಗಿಂದಲೇ ಇಷ್ಟೊಂದು ಸ್ಟೀರಾಯ್ಡ್ ಸೇರ್ತಿದ್ದರಿಂದ, ಮೈಗೆ ಬೇಕಾದದ್ದನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿತು. ಇಂಥ ಹೊತ್ತಲ್ಲಿ ಹೆದರಿ ಪಫ್ ಅನ್ನು ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಹಾಗಾಗಿ ಇದನ್ನು ಓದಿ ಯಾರೂ ತಾವಾಗಿಯೇ ಏನನ್ನೂ ನಿಲ್ಲಿಸಬೇಡಿ, ದಯವಿಟ್ಟು.

ಪಫ್‌ಗಳಲ್ಲಿರೋ ಇನ್ನೊಂದು ಸ್ಟೀರಾಯ್ಡ್ ಬುಡೆಸೊನೈಡ್‌ಗೂ ಇದೇ ಕಥೆ. ಮೂಗಿಗೆ ಬಿಡುವ ಸ್ಟೀರಾಯ್ಡ್ ಸ್ಪ್ರೇಯನ್ನೂ ಲೆಕ್ಕಕ್ಕೆ ತಗೋಬೇಕು. ಎಚ್‌ಐವಿ ಮಾತ್ರೆಗಳಲ್ಲಿ ಸೇರಿಸುವ ಕೋಬಿಸಿಸ್ಟಾಟ್ ಕೂಡ ರಿಟೊನಾವಿರ್ ಥರಾನೇ. ಇವುಗಳ ಜೊತೆ, ಶ್ವಾಸನಾಳ ಬಿಚ್ಚಿಸುವ ಸಾಲ್ಮೆಟೆರಾಲ್ ಇರೋ ಪಫ್ ಆದರೆ ಹೃದಯಬಡಿತದ ತೊಂದರೆ ಬೇರೆ. ಇಷ್ಟಾಗಿಯೂ ದಾರಿ ಇಲ್ಲ ಅಂತೇನಿಲ್ಲ. ಬೆಕ್ಲೊಮೆಥಾಸೋನ್ ಅನ್ನೋ ಬೇರೆ ಸ್ಟೀರಾಯ್ಡ್ ಇರೋ ಪಫ್‌ಗೆ ಬದಲಾಯಿಸಬಹುದು. ಅಥವಾ ಎಚ್‌ಐವಿ ಔಷಧಿಯನ್ನೇ ಡೊಲುಟೆಗ್ರಾವಿರ್ ಥರದ್ದಕ್ಕೆ ಬದಲಿಸಬಹುದು, ಅದು ಪಫ್‌ನ ಸ್ಟೀರಾಯ್ಡ್ ತಂಟೆಗೆ ಹೋಗಲ್ಲ.

ಇಷ್ಟು ಸಲೀಸಾಗಿ ತಪ್ಪಿಸಬಹುದಾದದ್ದು ಒಂದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಸಂಕಟ ಆಗೋದು ಇದಕ್ಕೇ. ಉಬ್ಬಸದ ಡಾಕ್ಟರಿಗೆ ಅವಳು ಎಚ್‌ಐವಿ ವಿಷಯ ಹೇಳಿರಲಿಲ್ಲ. ಹಿಂದೆ ಒಂದು ಕಡೆ ಹೇಳಿದ್ದಕ್ಕೆ, ಸಾಲಿನಲ್ಲಿ ಕೂತವರಿಗೆಲ್ಲ ಕೇಳೋ ಹಾಗೆ ಅಲ್ಲಿನವರೊಬ್ಬರು ಅದನ್ನು ಕೂಗಿ ಹೇಳಿದ್ದರು. ಎಚ್‌ಐವಿ ಮಾತ್ರೆ ಕೊಡುವಲ್ಲಿ ಪಫ್ ವಿಷಯ ಹೇಳಿರಲಿಲ್ಲ. "ಪಫ್ಫೂ ಔಷಧಿ ಅಂತ ನಂಗೆ ಹೊಳೀಲೇ ಇಲ್ಲ ಕಣೇ" ಅಂದಳು. ಅವಳನ್ನು ದೂರೋಕೆ ನನ್ನಿಂದ ಆಗಲ್ಲ. ಕೇಳಬೇಕಾದವರು ಕೇಳಬೇಕಿತ್ತು, ಹೇಳಿದರೆ ಮಾನ ಹೋಗಲ್ಲ ಅನ್ನೋ ಧೈರ್ಯ ಕೊಟ್ಟು ಕೇಳಬೇಕಿತ್ತು.

ಹಾಗೆ ನೋಡಿದರೆ ಏಡ್ಸ್ ಮೊದಲು ಬೆಳಕಿಗೆ ಬಂದಿದ್ದೇ ಶ್ವಾಸಕೋಶದಿಂದ. 1981ರ ಜೂನ್ 5ರಂದು ಅಮೆರಿಕದಲ್ಲಿ ಪ್ರಕಟವಾದ ಮೊದಲ ವರದಿ, ಲಾಸ್ ಏಂಜಲೀಸ್‌ನ ಐದು ಯುವಕರಿಗೆ ಬಂದಿದ್ದ ನ್ಯುಮೊಸಿಸ್ಟಿಸ್ ನ್ಯುಮೋನಿಯಾದ್ದು. ಈಗ ಮಾತ್ರೆಗಳಿಂದ ಜನ ದೀರ್ಘಕಾಲ ಬದುಕ್ತಿದ್ದಾರೆ. ಜೊತೆಗೆ ಉಬ್ಬಸ, ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಥರದ ಕಾಯಿಲೆಗಳು ಮುಂದೆ ಬಂದಿವೆ. ಸಿಗರೇಟು ಒಂದು ಕಾರಣ, ಅದೂ ದೊಡ್ಡದೇ. ಹಿಂದೆ ಬಂದುಹೋದ ಟಿಬಿ, ನ್ಯುಮೋನಿಯಾಗಳ ಗಾಯದ ಗುರುತು ಇನ್ನೊಂದು. ವೈರಸ್ ಹತೋಟಿಯಲ್ಲಿದ್ದರೂ ಮೈಯೊಳಗೆ ಸಣ್ಣಗೆ ಉಳಿದುಕೊಳ್ಳುವ ಉರಿಯೂತವೂ ಇದೆ.

ಎಚ್‌ಐವಿ ಇದ್ದವರ ಏದುಸಿರೆಲ್ಲ ಉಬ್ಬಸವೂ ಅಲ್ಲ. ಸಿಡಿ4 ಎಣಿಕೆ (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) 200ಕ್ಕಿಂತ ಇಳಿದವರಿಗೆ ಒಣಕೆಮ್ಮು, ಜ್ವರ, ನಾಲ್ಕು ಹೆಜ್ಜೆ ನಡೆದರೆ ದಮ್ಮು ಕಟ್ಟೋದು ಶುರುವಾದರೆ ಪಫ್ ಕೊಟ್ಟು ಕಳಿಸೋದು ಅಪಾಯ. ಅದು ಅದೇ ಹಳೆಯ ನ್ಯುಮೋನಿಯಾ ಇರಬಹುದು, ಟಿಬಿ ಇರಬಹುದು. ಹುಟ್ಟಿನಿಂದಲೇ ಎಚ್‌ಐವಿ ಇರೋ ಮಕ್ಕಳಲ್ಲಿ ಕೆಲವರಿಗೆ ಹರೆಯದ ಹೊತ್ತಿಗೆ ಸಣ್ಣ ಶ್ವಾಸನಾಳಗಳೇ ಗಾಯಗೊಂಡು ಕಿರಿದಾಗಿರುತ್ತವೆ. ಪಫ್ ಎಷ್ಟು ಎಳೆದರೂ ಅವು ಬಿಚ್ಚಿಕೊಳ್ಳಲ್ಲ. ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆಯನ್ನು, ಪಫ್ ಕೊಡುವ ಮೊದಲು ಒಮ್ಮೆ, ಕೊಟ್ಟ ಮೇಲೆ ಇನ್ನೊಮ್ಮೆ ಮಾಡಿದರೆ ಎಷ್ಟೋ ಗೊಂದಲ ಬಗೆಹರಿಯುತ್ತೆ.

ಮತ್ತೆ, ಉಸಿರಿನಿಂದ, ಕೆಮ್ಮಿನಿಂದ ಎಚ್‌ಐವಿ ಹರಡಲ್ಲ. ಇದನ್ನು ಇಷ್ಟು ವರ್ಷ ಆದಮೇಲೂ ಬರೀಬೇಕಾಗಿ ಬಂದಿರೋದು ನೋವಿನ ವಿಷಯ.

ಅವಳ ಮುಖ ಮೊದಲಿನಂತಾಗೋಕೆ ತಿಂಗಳುಗಟ್ಟಲೆ ಬೇಕಾಯ್ತು. ಈಗ ಎಲ್ಲಿಗೆ ಹೋದರೂ ಒಂದು ಹಾಳೆ ಜೊತೆಗಿರುತ್ತೆ. ಮಾತ್ರೆ, ಪಫ್, ಮೂಗಿನ ಸ್ಪ್ರೇ, ಎಲ್ಲ ಅದರಲ್ಲಿದೆ. ಮೊದಲ ಸಲ ಅದನ್ನು ಕೊಟ್ಟಾಗ ಕೈ ನಡುಗ್ತಿತ್ತಂತೆ. ಆ ಡಾಕ್ಟರು ಮೇಲಿಂದ ಕೆಳಗೆ ಪೂರ್ತಿ ಓದಿ, "ರಿಟೊನಾವಿರ್ ಯಾವಾಗ ನಿಲ್ಲಿಸಿದರಮ್ಮ?" ಅಂತ ಕೇಳಿ, ಬರೆದುಕೊಂಡು, ಎದೆಗೆ ಸ್ಟೆತಸ್ಕೋಪ್ ಇಟ್ಟರಂತೆ. ಅಷ್ಟೇ. ಅದನ್ನು ಹೇಳೋಕೆ ಅವತ್ತು ಸಂಜೆ ನನಗೆ ಫೋನ್ ಮಾಡಿ ಅತ್ತಳು.