ಸ್ಪಷ್ಟನೆ: ನಾಯಿಯ ಕ್ಯಾನ್ಸರ್‌ಗೆ ‘ಸ್ಟೆಮ್ ಸೆಲ್ ಇಂಜೆಕ್ಷನ್’ ಮದ್ದಲ್ಲ

‘ಕ್ಯಾನ್ಸರ್‌ನ ಮೂಲವೇ ಸ್ಟೆಮ್ ಸೆಲ್. ಕೀಮೋ ಅದನ್ನು ಮುಟ್ಟಲ್ಲ, ಸುಮ್ನೆ ದುಡ್ಡು ದಂಡ. ನಾಯಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ.

ಕ್ಯಾನ್ಸರ್ ಸ್ಟೆಮ್ ಸೆಲ್ ಅಂದರೆ ಗೆಡ್ಡೆಯೊಳಗೇ ಇದ್ದು, ಅದನ್ನು ಮತ್ತೆ ಬೆಳೆಸಬಲ್ಲ ಜೀವಕೋಶಗಳು. ನಾಯಿಗಳ ಮೂಳೆ ಕ್ಯಾನ್ಸರ್‌ನಲ್ಲಿ, ಸ್ತನದ ಗೆಡ್ಡೆಗಳಲ್ಲಿ ಇಂಥ ಗುಣದ ಕೋಶಗಳು ಸಿಕ್ಕಿರುವುದು ನಿಜ. ಅವು ಕೀಮೋಗೆ ಸುಲಭವಾಗಿ ಜಗ್ಗುವುದಿಲ್ಲ ಎಂಬುದೂ ಲ್ಯಾಬ್‌ನಲ್ಲಿ ಕಂಡಿದೆ. ಆದರೆ ಇಂಜೆಕ್ಷನ್‌ನಲ್ಲಿ ಕೊಡುವುದು ಕೊಬ್ಬು ಅಥವಾ ಮೂಳೆ ಮಜ್ಜೆಯಿಂದ ತೆಗೆದ ಮಾಮೂಲಿ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶ. ಅದನ್ನು ಹೆಚ್ಚಾಗಿ ಕೀಲುನೋವಿಗೆ ಬಳಸಿ ನೋಡುತ್ತಾರೆ. ಹೆಸರು ಒಂದೇ, ಅಷ್ಟೇ. ಕ್ಯಾನ್ಸರ್ ಇರುವ ನಾಯಿಗೆ ಕೊಟ್ಟರೆ ಗೆಡ್ಡೆಗೇ ನೆರವಾದೀತು ಎಂಬ ಅಂಜಿಕೆಯೂ ಇದೆ. (ಲಿಂಫೋಮಾಗೆ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್‌ಗೆ, ಮಾಡುವ ಮೂಳೆ ಮಜ್ಜೆ ಕಸಿ ಬೇರೆ ಮಾತು. ಅದಕ್ಕೂ ಮೊದಲು ಕೀಮೋ ಆಗಲೇಬೇಕು.)

ಕೀಮೋ ದಂಡವೂ ಅಲ್ಲ. ನಮ್ಮ ಬೀದಿನಾಯಿಗಳಲ್ಲಿ ಜಾಸ್ತಿ ಕಾಣುವ, ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಟಿವಿಟಿ ಗೆಡ್ಡೆಯನ್ನೇ ನೋಡಿ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ವಾರಕ್ಕೊಮ್ಮೆ, ಸುಮಾರು 4ರಿಂದ 8 ವಾರ. ಬಹುತೇಕ ನಾಯಿಗಳು ಪೂರ್ತಿ ಗುಣವಾಗುತ್ತವೆ. ಲಿಂಫೋಮಾ ಹಾಗಲ್ಲ. ಕೀಮೋಗೆ ಕರಗಿದರೂ ಹೆಚ್ಚಿನ ನಾಯಿಗಳಲ್ಲಿ ಮರಳುತ್ತದೆ. ಕ್ಯಾನ್ಸರ್ ಸ್ಟೆಮ್ ಸೆಲ್ ಸಂಶೋಧನೆಗೆ ಕೆಲಸ ಇರುವುದು ಅಲ್ಲಿ. ಆ ಕೋಶಗಳನ್ನೇ ಗುರಿಮಾಡುವ ಔಷಧಿ ನಾಯಿಗಳ ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ.